ಬಿಳಿ ಬಟ್ಟೆಯ ದೊರೆ: ಪಾಳೆಗಾರರ ಚಿತ್ರಕ್ಕೆ ಉಡುಪು ಎಷ್ಟು ನಿಜವಾಗಿರಬೇಕು?

ಪ್ರಶ್ನೆ: ನಮ್ಮದು ಮಧುಗಿರಿಯ ಹವ್ಯಾಸಿ ತಂಡ. ಈ ಸೀಮೆಯ ಒಂದು ಕಲ್ಪಿತ ಪಾಳೆಗಾರ ಮನೆತನದ ಕಥೆಯನ್ನು ನಲವತ್ತು ನಿಮಿಷದ ಚಿತ್ರವಾಗಿ ತೆಗೆಯುತ್ತಿದ್ದೇವೆ. ಕಾಲ 1670ರ ದಶಕ. ತುಮಕೂರಿನಲ್ಲಿ ಡ್ರಾಮಾ ಸೀನ್ಸ್‌ನವರ ಹತ್ತಿರ ವೆಲ್ವೆಟ್ ಕೋಟು, ಕಿರೀಟ, ಭುಜಕೀರ್ತಿ ಎಲ್ಲ ಬಾಡಿಗೆಗೆ ಸಿಗುತ್ತವೆ. ಕ್ಯಾಮೆರಾ ಮಾಡುವವರು ‘ರಾಜ ಅಂದ ಮೇಲೆ ಮಿಂಚಬೇಕು’ ಅನ್ನುತ್ತಾರೆ. ಕಥೆ ಬರೆದವರು ‘ಇತಿಹಾಸದಲ್ಲಿ ಇದ್ದಂತೆಯೇ ಇರಬೇಕು’ ಅನ್ನುತ್ತಾರೆ. ಹಣ ಕಡಿಮೆ. ಯಾರ ಮಾತು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ ತಂಡದ ಜಗಳಕ್ಕೆ 17ನೇ ಶತಮಾನವೇ ಉತ್ತರ ಕೊಡುತ್ತದೆ. ಆ ಕಾಲದಲ್ಲಿ ದೊಡ್ಡವರ ದೊಡ್ಡಸ್ತಿಕೆ ಕಾಣುತ್ತಿದ್ದದ್ದು ಬಟ್ಟೆಯ ಮಿಂಚಿನಲ್ಲಿ ಅಲ್ಲ, ಬಟ್ಟೆಯ ತೆಳುವಿನಲ್ಲಿ, ಬಿಳುಪಿನಲ್ಲಿ, ಮಡಿಯಲ್ಲಿ. ಮೈ ಕಾಣುವಷ್ಟು ತೆಳುವಾದ ಹತ್ತಿ ಬಟ್ಟೆಯನ್ನು ನೂಲುವುದೂ ನೇಯುವುದೂ ಕಷ್ಟ. ಅದನ್ನು ದಿನವೂ ಒಗೆದು ಬೆಳ್ಳಗೆ ಇಡಲು ಮನೆಗೊಬ್ಬ ಅಗಸ ಬೇಕು. ಕೆಂಪು ಧೂಳಿನ ನಾಡಿನಲ್ಲಿ ಬಿಳಿ ಉಟ್ಟು ನಿಂತವನು ಕೈಕೆಸರು ಮಾಡಿಕೊಳ್ಳದವನು ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನನ್ನು ಕಂಡಾಗ ಬರೆದಿಟ್ಟದ್ದೂ ಇದನ್ನೇ: ರಾಜ ಉಟ್ಟಿದ್ದದ್ದು ಬಿಳಿ ಬಟ್ಟೆ, ಅದರ ಮೇಲೆ ಚಿನ್ನದ ಗುಲಾಬಿ ಕಸೂತಿ, ಕೊರಳಲ್ಲಿ ವಜ್ರದ ಹಾರ, ತಲೆ ಮೇಲೆ ಜರಿಯ ಟೋಪಿ. ಅಂಥ ಸಾಮ್ರಾಟನೇ ಬಿಳಿ ಉಟ್ಟಿದ್ದಾಗ ಮಧುಗಿರಿ ಪಕ್ಕದ ಪಾಳೆಗಾರನಿಗೆ ನೇರಳೆ ವೆಲ್ವೆಟ್ ಕೋಟು ತೊಡಿಸುವ ಅಗತ್ಯ ಇಲ್ಲ. ಆದ್ದರಿಂದ ಕಥೆ ಬರೆದವರ ಮಾತು ಕೇಳಿದರೆ ಕ್ಯಾಮೆರಾದವರಿಗೆ ಬೇಕಾದದ್ದೂ ಸಿಗುತ್ತದೆ, ಖರ್ಚೂ ಇಳಿಯುತ್ತದೆ.

ಹಾಗಾದರೆ ನಮ್ಮ ಕಣ್ಣಿನಲ್ಲಿ ಕೂತಿರುವ ಆ ಮಿಂಚುವ ರಾಜ ಎಲ್ಲಿಂದ ಬಂದ? ಬಹುಪಾಲು ಕಂಪನಿ ನಾಟಕದಿಂದ, ಉಳಿದದ್ದು ರವಿವರ್ಮನ ಅಚ್ಚಿನ ಚಿತ್ರಗಳಿಂದ. ನಿಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ರಂಗದ ಮೇಲೆ ಆನೆ ಕುದುರೆ ತಂದು ನಿಲ್ಲಿಸಿದ ಕಂಪನಿ. ಆ ವೈಭವವೇ ಮುಂದೆ ನಮ್ಮ ಸಿನಿಮಾಕ್ಕೂ ಹಳ್ಳಿಯ ಪೌರಾಣಿಕ ನಾಟಕಕ್ಕೂ ಮಾದರಿಯಾಯಿತು. ಆ ವೇಷಭೂಷಣವನ್ನು ಯಾರೂ ಕೀಳಾಗಿ ಕಾಣಬಾರದು. ಅದು ಅದರ ಕೆಲಸಕ್ಕೆ ಸರಿಯಾಗಿ ಹೊಂದಿದ್ದ ವೇಷ. ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಐವತ್ತು ಅರವತ್ತು ಅಡಿ ದೂರದ ನೆಲದ ಮೇಲೆ ಕೂತವನಿಗೆ ಅರ್ಜುನ ಯಾರು, ಸಾರಥಿ ಯಾರು ಎಂದು ತಿಳಿಯಬೇಕಿತ್ತು. ಅದಕ್ಕೆ ಜರಿ, ಕನ್ನಡಿ ಚೂರು, ಕಪ್ಪು ಮಖಮಲ್ಲಿನ ಮೇಲೆ ಚಮಕಿ. ನಿಮ್ಮ ಕ್ಯಾಮೆರಾ ಇರುವುದು ಐದು ಅಡಿ ದೂರದಲ್ಲಿ. ಅಷ್ಟು ಹತ್ತಿರದಲ್ಲಿ ಆ ಜರಿ ಪ್ಲಾಸ್ಟಿಕ್ ಎಂದು ಗೊತ್ತಾಗುತ್ತದೆ, ಕೋಟಿನ ಕಂಕುಳಲ್ಲಿ ಬೆವರಿನ ಮಚ್ಚೆ ಕಾಣುತ್ತದೆ, ಕಪ್ಪು ವೆಲ್ವೆಟ್ ಬೆಳಕನ್ನೆಲ್ಲ ನುಂಗಿ ಆಕಾರವೇ ಇಲ್ಲದ ಗುಡ್ಡೆಯಾಗುತ್ತದೆ. ಮಖಮಲ್ಲು ಆ ಕಾಲದಲ್ಲಿ ಇರಲೇ ಇಲ್ಲವೆಂದಲ್ಲ, ಸುಲ್ತಾನರ ಆಸ್ಥಾನದಲ್ಲಿ ಇತ್ತು. ನಿಮ್ಮ ಚಿತ್ರದಲ್ಲಿ ದಿಂಬಿಗೆ, ಪಲ್ಲಕ್ಕಿಯ ಹಾಸಿಗೆಗೆ ಬಳಸಿ, ಸಾಕು.

ಇನ್ನು ಕಾಲದ ವಿಚಾರ. ನೀವು 1670ರ ದಶಕ ಎಂದು ಬರೆದಿದ್ದೀರಿ, ಬಹಳ ಒಳ್ಳೆಯದು. ‘ಹಳೆ ಕಾಲ’ ಎಂದು ಬಿಟ್ಟುಕೊಂಡವರ ಚಿತ್ರದಲ್ಲಿ ಹೊಯ್ಸಳರ ಆಭರಣ, ಟಿಪ್ಪು ಕಾಲದ ಬಂದೂಕು, ಒಡೆಯರ ಪೇಟ ಮೂರೂ ಒಂದೇ ಫ್ರೇಮಿನಲ್ಲಿ ಸೇರಿಕೊಳ್ಳುತ್ತವೆ. ನೋಡುವವರಿಗೆ ಯಾವುದು ತಪ್ಪು ಎಂದು ಹೇಳಲು ಬರದಿದ್ದರೂ ಏನೋ ಬಾಡಿಗೆ ತಂದಂತಿದೆ ಎಂದು ಅನಿಸಿಯೇ ಅನಿಸುತ್ತದೆ. ಆದ್ದರಿಂದ ಆ ಹತ್ತು ವರ್ಷವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆಗ ನಿಮ್ಮ ಸೀಮೆಯ ಸ್ಥಿತಿ ಹೀಗಿತ್ತು: 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಶಿರಾ ಗೆದ್ದ. ಅಲ್ಲಿಂದ ಶಿರಾ ಆದಿಲ್‌ಶಾಹಿಗಳ ಆಡಳಿತದ ಊರು. ಈಗಲೂ ಶಿರಾದಲ್ಲಿರುವ ಮಲಿಕ್ ರಿಹಾನ್ ಗೋರಿ ಆ ಕಾಲದ್ದೇ. 1678ರಲ್ಲಿ ಮಧುಗಿರಿ ಮೈಸೂರಿನ ಕೈಸೇರಿತು. 1687ರಲ್ಲಿ ಮೊಘಲರು ಬಂದು ಶಿರಾವನ್ನು ಸುಬಾ, ಅಂದರೆ ತಮ್ಮ ಒಂದು ಪ್ರಾಂತ್ಯ, ಮಾಡಿಕೊಂಡರು. ಅಂದರೆ ನಿಮ್ಮ ಕಥೆಯ ದೊರೆ ಒಂದು ಕಣ್ಣನ್ನು ಬಿಜಾಪುರದ ಕಡೆಗೂ ಇನ್ನೊಂದನ್ನು ಶ್ರೀರಂಗಪಟ್ಟಣದ ಕಡೆಗೂ ಇಟ್ಟುಕೊಂಡು ಬದುಕಿದವನು.

ಈ ಹತ್ತು ವರ್ಷದ ಪಾಳೆಗಾರನ ಚಿತ್ರ ಬೇಕು ಎಂದರೆ ಎರಡು ದಡಗಳ ನಡುವೆ ನಿಂತು ಅಂದಾಜು ಮಾಡಬೇಕು. ಹಿಂದಿನ ದಡ ಲೇಪಾಕ್ಷಿ. ಗೌರಿಬಿದನೂರು ದಾಟಿ ಹಿಂದೂಪುರದ ಪಕ್ಕದಲ್ಲೇ ಇದೆ, ತಂಡದವರೆಲ್ಲ ಒಂದು ದಿನ ಹೋಗಿಬನ್ನಿ. ಅಲ್ಲಿನ ಛಾವಣಿ ಚಿತ್ರಗಳು 1530ರ ಆಸುಪಾಸಿನವು, ಅಚ್ಯುತರಾಯನ ಕಾಲ. ಗಂಡಸರ ಬಿಳಿ ಅಂಗಿ, ಎತ್ತರದ ಕುಲಾವಿ ಟೋಪಿ, ಹೆಂಗಸರ ಸೀರೆಯ ಪಟ್ಟೆ ಚೌಕಳಿ, ಸೆರಗು ಬಿಡುವ ರೀತಿ ಎಲ್ಲ ಕುತ್ತಿಗೆ ನೋಯುವಷ್ಟು ನೋಡಬಹುದು. ಮುಂದಿನ ದಡ ಸೀಬಿ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲೇ ಇರುವ ನರಸಿಂಹಸ್ವಾಮಿ ದೇವಸ್ಥಾನದ ಛಾವಣಿಯಲ್ಲಿ ದರ್ಬಾರು, ಸವಾರಿ, ಸಿಪಾಯಿಗಳು ತುಂಬಿದ್ದಾರೆ. ಆದರೆ ಅವು ಹೈದರ್, ಟಿಪ್ಪು, ಮುಮ್ಮಡಿ ಕೃಷ್ಣರಾಜರ ಕಾಲದ ಉಡುಪು, ನಿಮ್ಮ ಕಥೆಗಿಂತ ನೂರು ವರ್ಷಕ್ಕೂ ಹೆಚ್ಚು ಈಚೆಯವು. ಸೀಬಿಯಲ್ಲಿ ಇದ್ದು ಲೇಪಾಕ್ಷಿಯಲ್ಲಿ ಇಲ್ಲದ್ದನ್ನು ಕಂಡಾಗ ಅನುಮಾನಪಡಿ. ಎರಡರಲ್ಲೂ ಇದ್ದದ್ದನ್ನು, ಉದಾಹರಣೆಗೆ ಸೊಂಟಕ್ಕೆ ಬಿಗಿದ ದಟ್ಟಿ, ಧೈರ್ಯವಾಗಿ ಬಳಸಿ. ನಡುವಿನ ಖಾಲಿ ಜಾಗ ತುಂಬಲು ಆಸ್ಥಾನದ ಉಡುಪಿಗೆ ಬಿಜಾಪುರದ 17ನೇ ಶತಮಾನದ ಕಿರುಚಿತ್ರಗಳನ್ನೂ, ಮನೆ ಮತ್ತು ದೇವಸ್ಥಾನದ ಉಡುಪಿಗೆ ಮಧುರೆಯ ಪುದುಮಂಟಪದಲ್ಲಿರುವ ತಿರುಮಲ ನಾಯಕನ ಕಾಲದ ಕಂಬದ ಶಿಲ್ಪಗಳನ್ನೂ ಫೋನಿನಲ್ಲಿ ಹಾಕಿಕೊಳ್ಳಿ.

ಬಿಜಾಪುರ, ಮಧುರೆಯ ಈ ಎರಡು ಮೂಲಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಚಿತ್ರದ ಬೆನ್ನೆಲುಬೇ ಸಿಗುತ್ತದೆ. ಬಿಜಾಪುರದ ಕಡೆಯವರ ಮುಂದೆ ಮೈ ಮುಚ್ಚಿದ ಅಂಗಿ, ಇಜಾರು, ರುಮಾಲು. ಮನೆಯಲ್ಲಿ, ದೇವರ ಮುಂದೆ ತೆಳು ಪಂಚೆ, ಬರಿಮೈ, ಕೊರಳಲ್ಲಿ ಹಾರ, ಸೊಂಟದಲ್ಲಿ ಕಠಾರಿ. ದೊರೆ ಶಿರಾದಲ್ಲಿರುವ ಬಿಜಾಪುರದ ಸುಬೇದಾರನನ್ನು ಕಾಣಲು ಹೊರಟಾಗ ಅಂಗಿ ತೊಡುತ್ತಾನೆ, ಊರಿಗೆ ಬಂದ ಕೂಡಲೇ ಕಳಚುತ್ತಾನೆ. ಅವನು ಯಾರಿಗೆ ತಗ್ಗಿದ್ದಾನೆ, ಎಲ್ಲಿ ತಲೆ ಎತ್ತಿದ್ದಾನೆ ಎಂಬುದನ್ನು ಒಂದು ಮಾತೂ ಇಲ್ಲದೆ ಉಡುಪೇ ಹೇಳುತ್ತದೆ. ಕುಲಾವಿಯನ್ನೂ ಹೀಗೆ ಬಳಸಬಹುದು. 1670ರ ಹೊತ್ತಿಗೆ ಅದು ಹಳೆಯ ವೈಭವದ ನೆನಪು. ಅಜ್ಜನ ಕಾಲದ್ದೆಂದು ಪೆಟ್ಟಿಗೆಯಲ್ಲಿಟ್ಟು, ಪಟ್ಟದ ದಿನ ಮಾತ್ರ ಹೊರತೆಗೆದಂತೆ ತೋರಿಸಿದರೆ ಅದು ನಿಮ್ಮ ಕಲ್ಪನೆ. ಆದರೆ ಕಾಲಕ್ಕೆ ಒಪ್ಪುವ ಕಲ್ಪನೆ. ಕಿರೀಟ ಮಾತ್ರ ಬೇಡ. ಅದು ಗುಡಿಯ ಮೂರ್ತಿಗೆ.

ಅಂಗಿ ಹೊಲಿಸುವುದು ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ತಂಡಗಳು ಎಡವುವುದು ಇಲ್ಲೇ. ಇವತ್ತಿನ ಕುರ್ತಾ ಅಥವಾ ಶೇರ್ವಾನಿಯನ್ನು ಉದ್ದ ಮಾಡಿದರೆ ಅದು ಆಗುವುದಿಲ್ಲ. ಶೇರ್ವಾನಿಗೆ ಮುಂದೆ ಗುಂಡಿ, ನಿಂತ ಕಾಲರ್ ಇರುತ್ತದೆ. ಅದು 19ನೇ ಶತಮಾನದ ಹೊಲಿಗೆ. ನಿಮಗೆ ಬೇಕಾದದ್ದು ಎರಡು ತುಂಡಿನದು. ಮೇಲ್ಭಾಗ ಎದೆಗೆ ಬಿಗಿಯಾಗಿ ಒಂದರ ಮೇಲೊಂದು ಬಂದು ಕಂಕುಳ ಕೆಳಗೆ ಲಾಡಿಯಿಂದ ಕಟ್ಟುವಂಥದ್ದು. ಕೆಳಭಾಗ ಲಂಗದಂತೆ ನೆರಿಗೆ ಹಿಡಿದದ್ದು, ಅಂಚಿನ ಸುತ್ತಳತೆ ಕನಿಷ್ಠ 6 ಮೀಟರ್. 44 ಇಂಚು ಪನ್ನದ ಮಲ್ ಎಂಬ ತೆಳು ಹತ್ತಿ ಬಟ್ಟೆ ಒಂದು ಅಂಗಿಗೆ ಎಂಟೂವರೆ ಮೀಟರ್ ಹಿಡಿಯುತ್ತದೆ: ಕೆಳಭಾಗದ ಘೇರಿಗೆ ಆರು, ಮೇಲ್ಭಾಗಕ್ಕೂ ತೋಳಿಗೂ ಎರಡೂವರೆ. ತೋಳನ್ನು ಕೈಗಿಂತ ಆರರಿಂದ ಎಂಟು ಇಂಚು ಉದ್ದ ಬಿಡಿ, ಮುಂಗೈ ಮೇಲೆ ಸುಕ್ಕುಸುಕ್ಕಾಗಿ ಕೂರಬೇಕು. ಟೈಲರ್ ಬಟ್ಟೆ ಉಳಿಸಲೆಂದು ಘೇರು ನಾಲ್ಕು ಮೀಟರಿಗೆ ಇಳಿಸಿದರೆ ನಡೆಯುವಾಗ ಬಟ್ಟೆ ಕಾಲಿಗೆ ಸುತ್ತಿಕೊಂಡು ನೈಟಿಯಂತೆ ಕಾಣುತ್ತದೆ. ಪಾಲಿಯೆಸ್ಟರ್ ಮಿಶ್ರವಂತೂ ಬೇಡ. ಅದು ಗಾಳಿಗೆ ಉಬ್ಬುತ್ತದೆ ಹೊರತು ಬೀಳುವುದಿಲ್ಲ, ಬಿಸಿಲಲ್ಲಿ ನೀಲಿಬಿಳಿ ಹೊಳಪು ಹೊಡೆಯುತ್ತದೆ. ಲಾಡಿ ಕಟ್ಟುವ ಕಡೆಯೂ ಮುಖ್ಯ. ಆ ಕಾಲದ ರೂಢಿಯಲ್ಲಿ ಹಿಂದೂಗಳು ಎಡ ಕಂಕುಳಲ್ಲಿ ಕಟ್ಟುತ್ತಿದ್ದರು, ಮುಸ್ಲಿಮರು ಬಲ ಕಂಕುಳಲ್ಲಿ. ನಿಮ್ಮ ದೊರೆಗೆ ಎಡಕ್ಕೆ, ಸುಬೇದಾರನ ಕಡೆಯವರಿಗೆ ಬಲಕ್ಕೆ. ಎಡಿಟಿಂಗ್ ಮಾಡುವವರಿಗೂ ಇದನ್ನು ಹೇಳಿಡಿ. ನೋಟದ ದಿಕ್ಕು ಸರಿಪಡಿಸಲು ಅವರು ಶಾಟನ್ನು ತಿರುವಿ ಹಾಕಿದರೆ ಲಾಡಿಯೂ ಕಡೆ ಬದಲಿಸುತ್ತದೆ, ಎಡಗಡೆಯ ಕತ್ತಿ ಬಲಕ್ಕೆ ಬರುತ್ತದೆ.

ಹೊಸ ಬಿಳಿ ಮಲ್ ಬಟ್ಟೆಯನ್ನು ಹಾಗೇ ಕ್ಯಾಮೆರಾ ಮುಂದೆ ತರಬೇಡಿ. ಅಂಗಡಿಯ ಬಿಳಿಯಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮುಖ ಕಪ್ಪಾಗಿ ಬಟ್ಟೆ ಮಾತ್ರ ಉರಿಯುತ್ತದೆ. ಮೊದಲು ಎರಡು ಸಲ ಒಗೆದು ಗಂಜಿ ಬಿಡಿಸಿ. ಹತ್ತು ಲೀಟರ್ ನೀರಿಗೆ 50 ಗ್ರಾಂ ಟೀಪುಡಿ ಹಾಕಿ ಕಾಲುಗಂಟೆ ಕುದಿಸಿ, ಸೋಸಿ, ಒಂದು ಹಿಡಿ ಉಪ್ಪು ಹಾಕಿ. ಒದ್ದೆ ಬಟ್ಟೆಯನ್ನು ಅದರಲ್ಲಿ ಐದರಿಂದ ಹತ್ತು ನಿಮಿಷ ಆಡಿಸುತ್ತಲೇ ಇದ್ದು ತೆಗೆದು ತಣ್ಣೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ. ಒಣಬಟ್ಟೆ ಅದ್ದಿದರೆ ಅಥವಾ ಅದ್ದಿ ಸುಮ್ಮನೆ ಬಿಟ್ಟರೆ ಮಚ್ಚೆ ಮಚ್ಚೆಯಾಗುತ್ತದೆ. ಕಣ್ಣಿಗೆ ಕೆನೆಬಣ್ಣ ಕಂಡರೆ ಕ್ಯಾಮೆರಾದಲ್ಲಿ ಶುದ್ಧ ಬಿಳಿಯಾಗಿ ಕಾಣುತ್ತದೆ. ದೊರೆಯ ಬಟ್ಟೆಗೆ ಐದು ನಿಮಿಷ, ಶಾನುಭೋಗನಿಗೆ ಹತ್ತು, ಆಳುಗಳಿಗೆ ಎರಡನೇ ಸಲ ಮುಳುಗಿಸಿ ಆಮೇಲೆ ನಿಮ್ಮೂರ ಕೆಂಪುಮಣ್ಣಿನ ತಿಳಿಯಲ್ಲೂ ಒಮ್ಮೆ ಅದ್ದಿ. ಒಂದೇ ಥಾನಿನ ಬಟ್ಟೆಯಿಂದ ಇಡೀ ಊರಿನ ಮೇಲುಕೀಳು ಕಾಣುವಂತೆ ಮಾಡಬಹುದು.

ರುಮಾಲಿಗೆ ಆರರಿಂದ ಒಂಬತ್ತು ಮೀಟರ್ ಮಲ್ ಸಾಕು. ಕೆಳಗೊಂದು ಹತ್ತಿ ಟೋಪಿ ಇದ್ದರೆ ಬಟ್ಟೆ ಜಾರುವುದಿಲ್ಲ. ಬಟ್ಟೆಗೆ ಸ್ವಲ್ಪ ನೀರು ಚಿಮುಕಿಸಿ, ಒಬ್ಬರು ಎಳೆದು ಹಿಡಿದು ಇನ್ನೊಬ್ಬರು ಹುರಿಗೊಳಿಸುತ್ತ ಸುತ್ತಬೇಕು. ಸನ್ಮಾನದಲ್ಲಿ ತೊಡಿಸುವ ರೆಡಿಮೇಡ್ ಮೈಸೂರು ಪೇಟ ಬೇಡ, ಅದನ್ನು ಕಂಡರೆ ಜನಕ್ಕೆ ನೆನಪಾಗುವುದು ರಾಜ್ಯೋತ್ಸವದ ವೇದಿಕೆ. ದಿನವೂ ಹೊಸದಾಗಿ ಕಟ್ಟಿದರೆ ದಿನವೂ ಬೇರೆ ಆಕಾರ ಬರುತ್ತದೆ. ಮೊದಲ ದಿನ ಕಟ್ಟಿದ ಮೇಲೆ ಸೂಜಿಯಿಂದ ಒಳಗೊಳಗೇ ಹತ್ತು ಹನ್ನೆರಡು ಕಡೆ ಹೊಲಿದು ಇಡಿಯಾಗಿ ಎತ್ತಿಡಿ. ಮುಂದೆ, ಪಕ್ಕ, ಹಿಂದೆ ಮೂರು ಫೋಟೋ ತೆಗೆದಿಟ್ಟರೆ ಕಂಟಿನ್ಯುಟಿಯ ತಲೆನೋವಿಲ್ಲ. ಈಗಿನ ಹುಡುಗರ ಕ್ಷೌರವನ್ನು ಮುಚ್ಚಲು ರುಮಾಲಿಗಿಂತ ಅಗ್ಗದ ದಾರಿ ಇಲ್ಲ. ಅದಕ್ಕೇ ಸಿಪಾಯಿಗಳಿಗೂ ಒಂದೊಂದು ಮುಂಡಾಸು ಕಟ್ಟಿ.

ಹೆಂಗಸರ ಉಡುಪಿನಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು. ಒಳಲಂಗದ ಮೇಲೆ ಮುಂದೆ ನೆರಿಗೆ ಹಿಡಿದು ಎಡ ಹೆಗಲಿಗೆ ಸೆರಗು ಪಿನ್ ಮಾಡುವ ಇವತ್ತಿನ ಕ್ರಮ ನೆಲೆಯೂರಿದ್ದು 19ನೇ ಶತಮಾನದ ಕೊನೆಯಿಂದೀಚೆಗೆ. ಈಗಿನ ಸೇಫ್ಟಿ ಪಿನ್ ಹುಟ್ಟಿದ್ದೇ 1849ರಲ್ಲಿ. ಮೈಸೂರು ರೇಷ್ಮೆ ಸೀರೆಯೂ ಬೇಡ: ಆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ಮೈಸೂರು ಸೀಮೆಗೆ ರೇಷ್ಮೆ ಸಾಕಣೆ ತಂದದ್ದೇ ಟಿಪ್ಪು. ಶಿಡ್ಲಘಟ್ಟದ ರೇಷ್ಮೆಗೂಡಿನ ಸಂತೆ ಕಂಡು ನಮ್ಮ ಕಡೆ ರೇಷ್ಮೆ ಯಾವಾಗಲೂ ಇತ್ತು ಎಂದುಕೊಳ್ಳುವುದು ಸಹಜ, ಆದರೆ 1670ರಲ್ಲಿ ರೇಷ್ಮೆ ಹೊರಗಿನಿಂದ ಬರುತ್ತಿದ್ದ ದುಬಾರಿ ಮಾಲು. ಒಂಬತ್ತು ಗಜದ ಹತ್ತಿ ಸೀರೆ ತಂದು ಕಚ್ಚೆ ಹಾಕಿ ಉಡಿಸಿ. ಒಡಲು ಖಾಲಿ ಇದ್ದು ಅಂಚು ಅಗಲವಾಗಿರುವ ಸೀರೆ ಆರಿಸಿ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ನೇಕಾರರ ಊರಲ್ಲಿ ವಿಚಾರಿಸಿದರೆ ನಿಮಗೆ ಬೇಕಾದ ಅಂಚಿನದು ಸಿಕ್ಕೀತು. ಮೇಲೆ ಮುಂದೆ ಗಂಟು ಹಾಕುವ ಬಿಗಿ ಕುಪ್ಪಸ. ಬೆನ್ನಿನ ಹುಕ್ಕು, ಜಿಪ್ಪು, ಉಬ್ಬಿದ ತೋಳು ಇರಬಾರದು. ಬಣ್ಣಕ್ಕೂ ಒಂದು ಗಡಿ ಹಾಕಿಕೊಳ್ಳಿ. ಕೃತಕ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ಅದಕ್ಕೂ ಮೊದಲು ಇದ್ದದ್ದು ಮಂಜಿಷ್ಠ ಮತ್ತು ಅರಗಿನ ಕೆಂಪು, ಅರಿಸಿನ ಮತ್ತು ದಾಳಿಂಬೆ ಸಿಪ್ಪೆಯ ಹಳದಿ, ನೀಲಿಗಿಡದ ನೀಲಿ, ಅಳಲೆಕಾಯಿಗೆ ಕಬ್ಬಿಣ ಸೇರಿಸಿದ ಕಪ್ಪು. ರಾಣಿ ಪಿಂಕ್, ಗಿಳಿಹಸಿರು, ಕಡುನೇರಳೆ ಕಂಡಲ್ಲಿ ತೆಗೆದುಬಿಡಿ. ಲೇಪಾಕ್ಷಿಯ ಗೋಡೆಯಲ್ಲಿ ಕಾವಿ, ಹಳದಿ, ಕಪ್ಪು, ಬಿಳಿ, ಒಂದಿಷ್ಟು ಹಸಿರು ಇವೆ, ನೀಲಿ ತೀರಾ ಕಡಿಮೆ. ಆ ಐದು ಬಣ್ಣಗಳಲ್ಲೇ ನಿಮ್ಮ ಇಡೀ ಚಿತ್ರ ಕಟ್ಟಿದರೆ, ಕೊನೆಗೆ ಬಣ್ಣ ಹೊಂದಿಸುವ ಗ್ರೇಡಿಂಗ್‌ನಲ್ಲಿ ಅರ್ಧ ಕೆಲಸ ತಾನಾಗಿಯೇ ಮುಗಿದಿರುತ್ತದೆ. ಅಂದಹಾಗೆ, ಪಾಳೆಗಾರನ ಹೆಂಡತಿಯನ್ನು ಮಾತುಮಾತಿಗೆ ‘ಮಹಾರಾಣಿ’ ಎನ್ನಿಸಬೇಡಿ. ದೊರೆಸಾನಿ ಎಂಬ ಚಂದದ ಮಾತಿದೆ.

ಆಭರಣ ಕಡಿಮೆ ಮಾಡಿ. ಅಮೆರಿಕನ್ ಡೈಮಂಡ್ ಎನ್ನುವ, ಪಟ್ಟೆ ಹೊಡೆದು ಬಣ್ಣಬಣ್ಣದ ಕಿಡಿ ಹಾರಿಸುವ ಕಲ್ಲು ಇರುವ ಯಾವುದೂ ಬೇಡ. ಆಗಿನ ಕೆಂಪು, ಪಚ್ಚೆಗಳನ್ನು ಉರುಟಾಗಿ ಉಜ್ಜಿ ಕೂರಿಸುತ್ತಿದ್ದರು, ವಜ್ರವನ್ನು ಚಪ್ಪಟೆಯಾಗಿ. ಅವು ಮಿನುಗುತ್ತಿರಲಿಲ್ಲ, ಒಳಗಿನಿಂದ ಮಂದವಾಗಿ ಬೆಳಗುತ್ತಿದ್ದವು. ಗಿಲೀಟು ಒಡವೆಯ ಹಳದಿ ಹೊಳಪು ಇಳಿಸಲು ಕಂದು ಪೋಸ್ಟರ್ ಬಣ್ಣವನ್ನು ನೀರಾಗಿ ಕಲಸಿ ಬಳಿದು, ಅರ್ಧ ಒಣಗಿದಾಗ ಮೇಲ್ಮೈ ಮಾತ್ರ ಒರೆಸಿ. ಬಣ್ಣ ಸಂದಿಗಳಲ್ಲಿ ಉಳಿದು ಒಡವೆಗೆ ವಯಸ್ಸು ಬರುತ್ತದೆ.

ಇನ್ನು ನಾಣ್ಯ. ದೊರೆ ಬೊಕ್ಕಸದಿಂದ ಬಿಸ್ಕತ್ತಿನಷ್ಟಗಲದ ಚಿನ್ನದ ನಾಣ್ಯ ಸುರಿಯುವ ದೃಶ್ಯ ಬರೆದಿದ್ದರೆ ಹೊಡೆದುಹಾಕಿ. ಒಂದು ವರಹದ ತೂಕ ಸುಮಾರು 3.4 ಗ್ರಾಂ, ಅಗಲ ಹೆಬ್ಬೆರಳ ಉಗುರಿಗಿಂತ ಕಡಿಮೆ. ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯವಂತೂ ಗ್ರಾಮಿನ ಮೂರನೇ ಒಂದು ಪಾಲು ತೂಗುವ ಬೇಳೆಯಷ್ಟು ಚೂರು. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರವ ಹಣ ಆಗ ಹೊಸದಾಗಿ ಓಡಾಡುತ್ತಿದ್ದ ಕಾಲ. ಅಂಗೈ ಮೇಲೆ ಅಂಥ ಹತ್ತು ಚೂರು ಇಟ್ಟು, ಶಾನುಭೋಗ ಉಗುರಿನಿಂದ ಒಂದೊಂದೇ ಸರಿಸಿ ಎಣಿಸುವುದನ್ನು ಹತ್ತಿರದಿಂದ ತೋರಿಸಿ. ಚೀಲ ಸುರಿದದ್ದಕ್ಕಿಂತ ಅದು ಹೆಚ್ಚು ಬೆಲೆಬಾಳುವಂತೆ ಕಾಣುತ್ತದೆ.

ಸಿಪಾಯಿಗಳಿಗೆ ಖರ್ಚು ಮಾಡಬೇಡಿ. ಕರಿ ಕಂಬಳಿ, ಮೊಳಕಾಲ ಮೇಲೆ ಕಟ್ಟಿದ ಪಂಚೆ, ದಟ್ಟಿ, ಮುಂಡಾಸು, ಕೈಯಲ್ಲಿ ಭರ್ಜಿ. ಊರಲ್ಲಿ ಸಿಗುವ ಕುರಿ ಉಣ್ಣೆಯ ಕಂಬಳಿಯೇ ಆಗಬೇಕು. ಅದು ಬೆಳಕು ಹೀರಿಕೊಳ್ಳುವುದರಿಂದ ಅವರ ನಡುವೆ ನಿಂತ ಬಿಳಿ ಅಂಗಿಯ ದೊರೆ ತಾನಾಗಿಯೇ ಎದ್ದು ಕಾಣುತ್ತಾನೆ. ಹಣವೆಲ್ಲ ಮುಖ್ಯ ಪಾತ್ರಗಳ ಐದಾರು ಜೊತೆಗೆ ಹೋಗಲಿ. ಬರಿಮೈಯವರನ್ನು ಮಾತ್ರ ಶೂಟಿಂಗ್ ದಿನ ಬೆಳಿಗ್ಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿ: ಎಡತೋಳಿನ ಮೇಲೆ ಬಿ.ಸಿ.ಜಿ. ಲಸಿಕೆಯ ಗುರುತು, ಮಣಿಕಟ್ಟಿನಲ್ಲಿ ವಾಚಿನ ಬಿಳಿ ಪಟ್ಟಿ, ಬನಿಯನ್ ಆಕಾರದಲ್ಲಿ ಬಿಸಿಲು ತಾಗದ ಮೈ. ತೋಳಿಗೆ ಒಂದು ಬಳೆ ಅಥವಾ ತಾಯಿತ ಕಟ್ಟಿ, ಉಳಿದದ್ದಕ್ಕೆ ಮೇಕಪ್ ಹಚ್ಚಿ.

ಉಡುಪು ಎಷ್ಟೇ ಸರಿಯಿದ್ದರೂ ಹಿಂದಿನ ಬಯಲು ಅದನ್ನು ಕೆಡಿಸಿಬಿಡುತ್ತದೆ. ಈ ಮಾತು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಶೂಟಿಂಗ್ ಮಾಡುವ ಎಲ್ಲರಿಗೂ ಅನ್ವಯಿಸುತ್ತದೆ. ಸಾಲುಸಾಲು ನೀಲಗಿರಿ ತೋಪು 1670ರಲ್ಲಿ ಇಲ್ಲ, ಅದು ಆಸ್ಟ್ರೇಲಿಯಾದ ಮರ. ಬಳ್ಳಾರಿ ಜಾಲಿ 19ನೇ ಶತಮಾನದ್ದು, ಲಂಟಾನವೂ ಗುಲ್‌ಮೊಹರೂ ಹೊರಗಿನಿಂದ ಬಂದವು, ಕಾಂಗ್ರೆಸ್ ಗಿಡವಂತೂ ಸ್ವಾತಂತ್ರ್ಯದ ನಂತರದ್ದು. ಹೊಲದ ಬದುವಿನ ಭೂತಾಳೆ, ಬಂಡೆ ಮೇಲಿನ ಪಾಪಾಸುಕಳ್ಳಿ ಎರಡೂ ಅಮೆರಿಕ ಮೂಲದವು. ಹುಣಸೆ, ಹೊಂಗೆ, ಬೇವು, ಇಪ್ಪೆ, ಆಲ, ಮುತ್ತುಗ ಇರುವ ಕಡೆ ಕ್ಯಾಮೆರಾ ತಿರುಗಿಸಿ. ಬರಿಬಂಡೆಯೂ ಒಳ್ಳೆಯದೇ, ಆದರೆ ಅದರ ಅಂಚಿನಲ್ಲಿ ಡ್ರಿಲ್ ಹೊಡೆದ ಉದ್ದುದ್ದ ಕೊಳವೆ ಗುರುತು ಇದ್ದರೆ ಅದು ಕ್ವಾರಿ ಬಂಡೆ. ಫ್ರೇಮಿನಲ್ಲಿ ದನ ಬೇಕಿದ್ದರೆ ಹಳ್ಳಿಕಾರ್ ತಳಿಯವು. ಕಪ್ಪುಬಿಳಿ ಮಚ್ಚೆಯ ವಿದೇಶಿ ತಳಿಯ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಹಿಂದೆ ಮೇಯುತ್ತಿದ್ದರೆ ಕೋಲಾರದ ಕಡೆಯ ಹೈನುಗಾರ ರೈತರೇ ಮೊದಲು ಗುರುತಿಸುತ್ತಾರೆ.

ಅರಮನೆಗೆ ಹಳ್ಳಿಯ ಯಾವುದಾದರೂ ಹಳೆಯ ತೊಟ್ಟಿಮನೆ ಸಾಕು, ಪಾಳೆಗಾರನಿಗೆ ಅಮೃತಶಿಲೆಯ ಕಂಬ ಎಲ್ಲಿಂದ ಬರಬೇಕು. ಆದರೆ ಚಾವಣಿ ನೋಡಿಕೊಳ್ಳಿ. ಮಂಗಳೂರು ಹೆಂಚು 1860ರ ದಶಕದ ನಂತರದ್ದು. ಮೇಲಿನಿಂದ ಡ್ರೋನ್ ಶಾಟ್ ತೆಗೆಯುವ ಆಸೆ ಇದ್ದರೆ ಬಿಟ್ಟುಬಿಡಿ. ಕೆಂಪು ಸಿಮೆಂಟಿನ ನೆಲವೂ ಈಚಿನದು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ ಮಣ್ಣಿಗೆ ಕತ್ತರಿಸಿದ ಹುಲ್ಲು ಸೇರಿಸಿ ಒಂದು ಇಂಚು ದಪ್ಪ ಹಾಕಿ, ಬಡಿದು, ಸಗಣಿ ಸಾರಿಸಿ. ಎರಡು ದಿನ ಒಣಗಲಿ. ಹುಲ್ಲು ಹಾಕದಿದ್ದರೆ ಅಥವಾ ಬಿಸಿಲಿಗೆ ಬೇಗ ಒಣಗಿಸಿದರೆ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಕೋಟೆಯಲ್ಲಿ ತೆಗೆಯುವುದಾದರೆ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆಯೇ ನೋಡಿ, ಇದ್ದರೆ ಮುಂಚೆಯೇ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಗೋಡೆಗೆ ಮೊಳೆ, ಬಣ್ಣ, ಪಂಜಿನ ಮಸಿ ಯಾವುದೂ ತಾಗಬಾರದು.

ರಾತ್ರಿಯ ದೃಶ್ಯಕ್ಕೆ ಎಣ್ಣೆ ದೀಪ, ದೀವಟಿಗೆ. ಮೇಣದಬತ್ತಿ, ಗಾಜಿನ ಕಂದೀಲು ಬೇಡ. ಹೊಂಗೆ ಎಣ್ಣೆ ಕಾಲಕ್ಕೆ ಸರಿ, ಆದರೆ ಹೊಗೆ ಹೆಚ್ಚು. ಮುಖದ ಹತ್ತಿರದ ದೀಪಕ್ಕೆ ಹರಳೆಣ್ಣೆ ಹಾಕಿ, ನಾಲ್ಕೈದು ಬತ್ತಿ ಒಟ್ಟಿಗೆ ಹೊಸೆದು ದಪ್ಪ ಮಾಡಿ. ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ದೀಪವನ್ನು ಬಿಳಿ ಮಾಡಲು ಹೊರಟು ಶಾಟಿನಿಂದ ಶಾಟಿಗೆ ಬಣ್ಣ ಬದಲಿಸುತ್ತದೆ. ಎಫ್ 1.8 ಲೆನ್ಸ್, ಐ.ಎಸ್.ಒ. 1600ರಿಂದ 3200, ಶಟರ್ 50ರಲ್ಲಿ ಒಂದು ಪಾಲು. ಕಂಬದ ಹಿಂದೆ ಒಂದು ಸಣ್ಣ 2700 ಕೆಲ್ವಿನ್ ಎಲ್.ಇ.ಡಿ.ಗೆ ತೆಳು ಬಟ್ಟೆ ಕಟ್ಟಿ ದೀಪವಿರುವ ಕಡೆಯಿಂದಲೇ ಬೆಳಕು ಬಿಡಿ. ತೆಳು ಮಲ್ ಬಟ್ಟೆಯ ಹಿಂದಿನಿಂದ ಆ ಬೆಳಕು ಹಾಯ್ದು, ದೊರೆಯ ಮೈಯ ಆಕಾರ ಅಂಗಿಯೊಳಗೆ ನೆರಳಾಗಿ ಕಾಣುವ ಆ ನೋಟವೇ ನಿಮ್ಮ ಕ್ಯಾಮೆರಾದವರು ಕೇಳಿದ ಮಿಂಚು. ಶೂಟಿಂಗ್‌ಗೆ ಒಂದು ವಾರ ಮೊದಲೇ ಒಂದು ಅಂಗಿ ಮುಗಿಸಿ, ಅದನ್ನು ಇದೇ ಜಾಗದಲ್ಲಿ ನಡುಹಗಲಲ್ಲೊಮ್ಮೆ, ದೀಪದಲ್ಲೊಮ್ಮೆ ಐದು ನಿಮಿಷ ತೆಗೆದು ನೋಡಿ, ಆಮೇಲೆ ಉಳಿದವನ್ನು ಹೊಲಿಸಿ.

ಮಾತಿನ ಬಗ್ಗೆ ಒಂದೇ ಸೂಚನೆ: ಸುಬೇದಾರ, ಜಹಗೀರು, ಖಜಾನೆ, ಹುಕುಂ ಮುಂತಾದ ಪಾರಸಿ, ಅರಬ್ಬಿ ಮೂಲದ ಮಾತುಗಳನ್ನು ಶುದ್ಧ ಕನ್ನಡದ ಹೆಸರಲ್ಲಿ ತೆಗೆಯಬೇಡಿ. ಬಿಜಾಪುರದ ಕೈಕೆಳಗಿನ ಸೀಮೆಯಲ್ಲಿ ಕಚೇರಿಯ ಮಾತು ಅದೇ ಆಗಿತ್ತು.

ಕೊನೆಯದಾಗಿ ದೂತ ತರುವ ಓಲೆ. ಎರಡು ಕೋಲಿಗೆ ಸುತ್ತಿದ ಕಾಗದದ ಸುರುಳಿ ಬಿಚ್ಚಿ ಓದಿಸುವುದು ನಾಟಕದ ರೂಢಿ. ನಮ್ಮ ನಾಡಿನ ಶಾನುಭೋಗರ ಕೈಯಲ್ಲಿ ಇದ್ದದ್ದು ಕಡತ: ಕಪ್ಪು ಲೇಪ ಹಾಕಿ ಮಡಿಕೆ ಮಡಿಕೆಯಾಗಿ ಮಡಚಿದ ಬಟ್ಟೆ, ಅದರ ಮೇಲೆ ಬಳಪದ ಬಿಳಿ ಅಕ್ಷರ. ತೆರೆಯ ಮೇಲೆ ಇದನ್ನು ಕಾಣುವುದು ಅಪರೂಪ, ಮಾಡುವುದು ಸುಲಭ. ಎಂಟು ಇಂಚು ಅಗಲ, ಮೂರು ಮೀಟರ್ ಉದ್ದದ ದಪ್ಪ ಖಾದಿ ತೆಗೆದುಕೊಳ್ಳಿ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ ರುಬ್ಬಿ. ನೂರು ಗ್ರಾಂ ಬೀಜಕ್ಕೆ ಎರಡು ಲೀಟರ್ ನೀರು ಹಾಕಿ ಅರ್ಧ ಗಂಟೆ ಕುದಿಸಿದರೆ ಅಂಟು ಸರಿ ಸಿದ್ಧ. ಅದಕ್ಕೆ ಬಟ್ಟೆಯಲ್ಲಿ ಜರಡಿ ಹಿಡಿದ ಇದ್ದಿಲ ಪುಡಿ ಎರಡು ಹಿಡಿ ಕಲಸಿ, ಎರಡೂ ಬದಿಗೆ ತೆಳುವಾಗಿ ಬಳಿದು ಒಣಗಿಸಿ, ಇನ್ನೊಂದು ಸಲ ಬಳಿಯಿರಿ. ಒಂದೇ ಸಲ ದಪ್ಪ ಬಳಿದರೆ ಮಡಚುವಾಗ ಮಡಿಕೆಯಲ್ಲಿ ಉದುರುತ್ತದೆ. ಪೂರ್ತಿ ಒಣಗಿದ ಮೇಲೆ ನಯವಾದ ಹೊಳೆಗಲ್ಲಿನಿಂದ ಉಜ್ಜಿ, ಅಂಗೈ ಅಗಲಕ್ಕೊಂದು ಮಡಿಕೆ ಹಾಕಿ, ರಾತ್ರಿಯೆಲ್ಲ ಕಲ್ಲು ಹೇರಿಡಿ. ಬಳಪದ ಗೆರೆ ಅದರ ಮೇಲೆ ಬೆಳ್ಳಗೆ ಕೂರುತ್ತದೆ. ನಟ ಬರೆಯುವಾಗ ತಪ್ಪಿದರೆ ಒಣ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು, ಆದ್ದರಿಂದ ಎಷ್ಟೇ ಟೇಕ್ ಆದರೂ ಒಂದೇ ಕಡತ ಸಾಕಾಗುತ್ತದೆ.